ದಡ ಬಿಟ್ಟು ದೋಣಿಗೆ: ಚಂದ್ರಗಿರಿ ಹೊಳೆಯಲ್ಲಿ ಕಾಳಾಂಜಿ ಗಾಳ, ಇಲ್ಲಿವರೆಗೆ

ಅಂತೂ ದೋಣಿ ನೀರಿಗಿಳೀತು. 10 ಫೀಟಿನ ಹಳೇ ಫೈಬರ್ ದೋಣಿ, ಅಡಿಯಲ್ಲಿದ್ದ ಬಿರುಕಿಗೆ ಮ್ಯಾಟ್ ಇಟ್ಟು ರೆಸಿನ್ ಹಾಕಿದ್ದು ಗಟ್ಟಿ ನಿಂತಿದೆ, ಒಂದು ಹನಿ ನೀರು ಒಳಗೆ ಬರುದಿಲ್ಲ. ಮೋಟರ್ ಇಲ್ಲ, ಹುಟ್ಟು ಮತ್ತೆ ಒಂದು ಬಿದಿರಿನ ಗಳ ಅಷ್ಟೆ. ದಡದಿಂದಲೇ ಕಾಳಾಂಜಿ ಮೀನು ಸಿಗ್ತದಲ್ಲಾ, ದೋಣಿ ಎಂತಕ್ಕೆ ಅಂತ ಕೇಳುವವರು ತುಂಬಾ ಜನ ಇದ್ದಾರೆ, ಅದಕ್ಕೇ ಮೊದಲು ಅದನ್ನೇ ಹೇಳ್ತೇನೆ.

ಸಿಗ್ತದೆ, ಇಲ್ಲ ಅಂತ ಅಲ್ಲ. ಸೇತುವೆ ಹತ್ರ, ಕಾಸರಗೋಡಿನ ತಳಂಗರೆ ಕಡೆ ಅಳಿವೆ ಹತ್ರ ನಿಂತು ವರ್ಷಗಟ್ಲೆ ಗಾಳ ಎಸ್ದಿದ್ದೇನೆ. ಆದ್ರೆ ಕಾಳಾಂಜಿ ಕೂತ್ಕೊಳ್ಳುದು ಎಲ್ಲಿ ನೋಡಿ, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಬುಡದಲ್ಲಿ, ಸೇತುವೆ ಕಂಬದ ಹಿಂದೆ ನೀರು ಸುತ್ತುವಲ್ಲಿ, ಮುಳುಗಿದ ಮರದ ಅಡಿಯಲ್ಲಿ. ಹೊಂಚು ಹಾಕಿ ಕೂತು ಎದುರಿಗೆ ಬಂದದ್ದನ್ನು ಗಬಕ್ಕಂತ ಒಳಗೆಳ್ಕೊಳ್ಳುವ ಮೀನು ಅದು. ದಡದಲ್ಲಿ ನಿಂತವನ ಕಾಲ ಬುಡದಲ್ಲೇ ಮೀನು ಇರ್ತದೆ, ನಾವು ಹೊಳೆ ನಡುವಿಗೆ ಎಸೀತೇವೆ, ಲೂರ್ (ಮೀನಿನ ಹಾಗೆ ಕಾಣುವ ನಕಲಿ ಎರೆ) ಮುಕ್ಕಾಲು ದಾರಿ ಖಾಲಿ ನೀರಲ್ಲೇ ಬರ್ತದೆ, ಕೊನೆಗೆ ಕಚ್ಚಿದ್ರೂ ಬೇರಿನ ಕಡೆಗೇ ಎಳೀಬೇಕು, ಬ್ರೇಡ್ (ಹೆಣೆದ ಗಾಳದ ದಾರ) ಒಮ್ಮೆ ಬೇರಿಗೆ ಸುತ್ತಿದ್ರೆ ಮುಗೀತು. ದೋಣಿಯಲ್ಲಿ ಇದೆಲ್ಲ ಉಲ್ಟಾ. ನಡುವಿಂದ ದಡಕ್ಕೆ ಎಸೆಯುದು, ಲೂರ್ ಬೀಳುದೇ ಅದರ ಮೂಗಿನ ಹತ್ರ, ಕಚ್ಚಿದ್ದನ್ನು ಬೇರಿಂದ ಆಚೆಗೆ ಎಳೆಯುದು. ನನಗೆ ದೋಣಿ ಬೇಕಾದ್ದು ಇದಕ್ಕೆ, ದೂರ ಹೋಗ್ಲಿಕ್ಕಲ್ಲ.

ಎಸೆಯುದು ಮೊದಲೇ ಗೊತ್ತಿತ್ತು. ಈಗ ಕಲೀತಾ ಇರುದು ದೋಣಿಯನ್ನು ನಿಲ್ಲಿಸುದು, ನಿಜವಾದ ಕೆಲಸ ಅದೇ. ನಮ್ಮ ಹೊಳೆ ಪಡುವಣಕ್ಕೆ ಹರಿಯುದು, ಮಧ್ಯಾಹ್ನ ಮೇಲೆ ಕಡಲಿನ ಗಾಳಿ ಪಡುವಣದಿಂದಲೇ ಬರುದು, ಹಾಗಾಗಿ ಇಳಿತದ ಹೊತ್ತಿಗೆ ನೀರು ಒಂದು ಕಡೆ ಎಳೀತದೆ ಗಾಳಿ ಇನ್ನೊಂದು ಕಡೆ ದೂಡ್ತದೆ, ಹಗುರದ ದೋಣಿ ಅಡ್ಡಡ್ಡ ತಿರುಗ್ತದೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಇಳಿತ ಸಿಕ್ಕಿದ್ರೆ ಅದರಷ್ಟು ಸುಖ ಇಲ್ಲ. ಕಬ್ಬಿಣದ ಲಂಗರು ಬೇರಿಗೆ ಸಿಕ್ಕಿ ಬೀಳ್ತದೆ, ಅದಕ್ಕೆ ಹಳೇ ಬಲೆಯ ಚೀಲದಲ್ಲಿ ಮುರಕಲ್ಲಿನ ತುಂಡು ಹಾಕಿ ಹಗ್ಗ ಕಟ್ಟಿದೆ. ಇದನ್ನು ಯಾವಾಗ್ಲೂ ದೋಣಿಯ ಮುಂದಿನ ತುದಿಯಿಂದಲೇ ಬಿಡುದು. ನೀರಿನ ಸೆಳೆತ ಜೋರಿರುವಾಗ ಹಿಂದಿಂದ ಅಥವಾ ಬದಿಯಿಂದ ಕಟ್ಟಿದ್ರೆ ನೀರು ದೋಣಿ ಒಳಗೇ ನುಗ್ತದೆ, ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಲೈಫ್ ಜಾಕೆಟ್ ಕೂಡ ಹಾಗೇ, ಈಜು ಬರುವವರೂ ಹಾಕ್ಬೇಕು. ನಿಲ್ಲದೆ ನಿಧಾನ ತೇಲಿಕೊಂಡು ಹೋಗ್ಬೇಕಾದ್ರೆ ಒಂದು ಮೊಳ ಚೈನ್ ಕೆಸರಲ್ಲಿ ಎಳೀತಾ ಹೋಗುವ ಹಾಗೆ ಇಳಿಬಿಡ್ತೇನೆ, ವೇಗ ಅರ್ಧಕ್ಕರ್ಧ ಕಮ್ಮಿ ಆಗ್ತದೆ.

ದಡಕ್ಕೆ ಇಟ್ಕೊಂಡಿದ್ದ 9 ಫೀಟಿನ ರಾಡ್ ಇಲ್ಲಿ ಬರೇ ಉಪದ್ರ, ಈಗ 6.5 ಫೀಟಿನದ್ದು. ದೋಣಿ ಅಡಿಗೆ ತೆಂಗಿನ ನಾರಿನ ಮ್ಯಾಟ್ ಹಾಸಿದೆ, ಪ್ಲಯರ್ ಬಿದ್ದ ಶಬ್ದಕ್ಕೇ ಮೀನು ಜಾಗ ಬಿಡ್ತದೆ.

ಹೊತ್ತಿನ ಲೆಕ್ಕ ನನಗೆ ಹೇಳಿಕೊಟ್ಟದ್ದು ಪಕ್ಕದ ಕಡವಿನ ಇಚ್ಚ, ಬಲೆ ಹಾಕುವವರು. ಒಂದಿನ ಇಳಿತ ಮುಗ್ದ ಮೇಲೂ ನಾನು ಎಸೀತಾ ಇದ್ದೆ. "ನೀರು ನಿಂತಾಯ್ತಲ್ಲ, ಇನ್ನು ಅದು ಬಾಯಿ ತೆಗೆಯುದಿಲ್ಲ, ಬಾ ಚಾ ಕುಡಿಯುವ" ಅಂದ್ರು. ಅವರು ಹೇಳಿದ್ದು ಸರಿ. ಇಳಿತ ಶುರುವಾದಾಗ ಕಾಂಡ್ಲಾದ ಒಳಗಿದ್ದ ಸಿಗಡಿ, ಸಣ್ಣ ಮೀನು ಎಲ್ಲ ಸಣ್ಣ ತೋಡುಗಳ ಬಾಯಿಂದ ಹೊರಗೆ ಬರ್ತವೆ, ಕಾಳಾಂಜಿ ಅಲ್ಲೇ ಕಾದಿರ್ತದೆ. ಭರತ ಇಳಿತ ಎರಡೂ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಸೆಳೆತ ಜೋರು, ಅಷ್ಟಮಿ ಹೊತ್ತಿಗೆ ಮಂದ. ಅಳಿವೆಯಿಂದ ಮೇಲೆ ಹೋದ ಹಾಗೆ ಇನ್ನೂ ತಡ. ಈಗ ಕ್ಯಾಲೆಂಡರಲ್ಲಿ ತಿಥಿ ನೋಡಿಯೇ ಹೊರಡುದು.

ಮೊನ್ನೆ ಸಿಕ್ಕಿದ್ದು ಅಂಥ ಒಂದು ತೋಡಿನ ಬಾಯಲ್ಲೇ. ಬಿಳಿ ಶ್ಯಾಡ್ (ಮೆತ್ತಗಿನ ಮೀನಿನಾಕಾರದ ಲೂರ್) ಬೇರಿಂದ ಒಂದು ಗೇಣು ಆಚೆ ಬಿತ್ತು, ಎರಡು ಸಲ ಎತ್ತಿ ಇಳಿಸಿದ್ದಷ್ಟೆ, ಟಪ್ ಅಂತ ಶಬ್ದ, ದಾರ ಬಿಗಿ. ಮೇಲೆ ಹಾರಿ ತಲೆ ಕೊಡವಿತು, ಕಿವಿರು ಪೂರ್ತಿ ಅಗಲಿಸಿ. ದೋಣಿಯ ಮೂತಿಯನ್ನೂ ತನ್ನ ಕಡೆ ತಿರುಗಿಸಿತು, ಅದು ದಡದಲ್ಲಿ ಗೊತ್ತಾಗದ ಅನುಭವ. ನೆಟ್ಟಿಗೆ ಬಂದ ಮೇಲೆ ನೋಡಿದ್ರೆ 40 ಪೌಂಡಿನ ಲೀಡರ್ (ಬ್ರೇಡಿನ ತುದಿಗೆ ಕಟ್ಟುವ ದಪ್ಪ ದಾರ) ಒಂದು ಬೆರಳುದ್ದ ತರಿತರಿಯಾಗಿ ಬಿಳಿಚಿತ್ತು. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂಥದ್ದು, ಅಲ್ಲಿ ಬೆರಳು ಹಾಕ್ಬೇಡಿ, ಕೆಳಗಿನ ತುಟಿ ಹಿಡೀರಿ. 3 ಕಿಲೋ ಹತ್ರ ಇದ್ದಿರಬಹುದು, ಮನೆಗೆ ತಂದೆವು. ತುಂಬಾ ದೊಡ್ಡದು ಸಿಕ್ಕಿದ್ರೆ ಬಿಡ್ತೇನೆ, ಈ ಜಾತಿ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುದು, ದೊಡ್ಡದೆಲ್ಲ ಹೆಚ್ಚಾಗಿ ಮೊಟ್ಟೆ ಇಡುವ ಹೆಣ್ಣುಗಳೇ.

ಮುಂದಿನ ಕೆಲಸ, ಪಿವಿಸಿ ಪೈಪಿಂದ ರಾಡ್ ಹೋಲ್ಡರ್ ಮತ್ತೆ ಹಿಂದಿನ ತುದಿಗೆ ಎರಡನೇ ಕಲ್ಲು, ಮುಂದಿನದ್ದು ಕಚ್ಚಿ ನಿಂತ ಮೇಲೆ ದೋಣಿ ಆಚೀಚೆ ತೂಗದ ಹಾಗೆ, ಅದೂ ನೀರು ಮಂದ ಇರುವಾಗ ಮಾತ್ರ. ಜೂನಲ್ಲಿ ಹೊಳೆ ಕೆಂಪಾಗಿ ಬರುವಷ್ಟರಲ್ಲಿ ಸೇತುವೆಯಿಂದ ಮೇಲಿನ ತೋಡುಗಳನ್ನೆಲ್ಲ ಒಮ್ಮೆ ನೋಡಿ ಮುಗಿಸ್ಬೇಕು. ಆಮೇಲೆ ದೋಣಿ ಮೇಲೆ ಎಳೆದು ಕವುಚಿ ಹಾಕುದು.