ಮನೆಗಳ ನಡುವೆ ಮರ ಸವರುವ ಯಂತ್ರ ಎಷ್ಟು ಗಂಟೆಗೆ ಶುರುವಾಗಬೇಕು?

ಮಳೆಗಾಲಕ್ಕೆ ಮೊದಲಿನ ಈ ಎರಡು ತಿಂಗಳು ಚಿಕ್ಕಮಗಳೂರಿನ ಬಡಾವಣೆಗಳಲ್ಲಿ ಮರ ಸವರುವ ಕೆಲಸ ಬಿರುಸಾಗಿ ನಡೆಯುತ್ತದೆ. ಹೆಂಚಿನ ಮೇಲೆ ಬಾಗಿದ ಸಿಲ್ವರ್ ಮರ, ವಿದ್ಯುತ್ ತಂತಿಗೆ ತಾಗುವ ಹಲಸಿನ ಕೊಂಬೆ, ಕಾಂಪೌಂಡು ದಾಟಿ ರಸ್ತೆಗೆ ಚಾಚಿದ ದಾಸವಾಳದ ಬೇಲಿ ಇವೆಲ್ಲವನ್ನೂ ಜೂನ್ ತಿಂಗಳ ಗಾಳಿಗೆ ಮುನ್ನ ಸವರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಕೆಲಸದ ಬಗ್ಗೆ ಅಲ್ಲ, ಅದರ ಹೊತ್ತಿನ ಬಗ್ಗೆ. ಗುತ್ತಿಗೆಯ ತಂಡಗಳು ಬೆಳಿಗ್ಗೆ ಆರು ದಾಟುತ್ತಿದ್ದಂತೆಯೇ ಪೆಟ್ರೋಲ್ ಗರಗಸ ಚಾಲೂ ಮಾಡುವುದು ಈಗ ನಮ್ಮ ಕಡೆ ವಾಡಿಕೆಯಾಗಿಬಿಟ್ಟಿದೆ. ವಾಸದ ಮನೆಗಳ ನಡುವೆ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದೂವರೆಯ ನಂತರ ಮತ್ತು ಭಾನುವಾರ ಇಡೀ ದಿನ ಈ ಯಂತ್ರ ಓಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಳಿದರೆ ಸಿಗುವ ಮೊದಲ ಉತ್ತರ ಕಾನೂನಿನದು. ಕೇಂದ್ರ ಸರ್ಕಾರ 2000ರಲ್ಲಿ ಹೊರಡಿಸಿದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಹಾಗಾಗಿ ಆರು ಹೊಡೆದ ಮೇಲೆ ಯಾರೂ ಏನೂ ಹೇಳುವಂತಿಲ್ಲ ಎಂದು ಹಲವರು ನಂಬಿದ್ದಾರೆ. ಆದರೆ ಅದೇ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬಲ್, ರಾತ್ರಿಯಲ್ಲಿ 45 ಡೆಸಿಬಲ್ ಎಂಬ ಮಿತಿಯನ್ನೂ ಹಾಕಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವೆಂದು ಘೋಷಿತವಾದ ಕಡೆ ಹಗಲಿನ ಮಿತಿ 50ಕ್ಕೆ ಇಳಿಯುತ್ತದೆ. ಶಬ್ದ ಈ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಾದರೆ ದೂರು ಕೊಡಲು ಅವಕಾಶವಿದೆ. 2010ರ ತಿದ್ದುಪಡಿ ರಾತ್ರಿ ಹೊತ್ತು ವಾಸದ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಕಾಮಗಾರಿಯ ಯಂತ್ರಗಳನ್ನು ನಿಷೇಧಿಸಿತು, ಆದರೆ ಮರದ ಗರಗಸವನ್ನು ಅದು ಹೆಸರಿಸಲಿಲ್ಲ. ಹೀಗಾಗಿ ಮುಂಜಾನೆಯ ಆರರಿಂದ ಎಂಟರ ನಡುವಿನ ಹೊತ್ತು ಯಾರ ಲೆಕ್ಕಕ್ಕೂ ಸೇರದೆ ಉಳಿದಿದೆ.

ಈ ಗರಗಸದ ಸದ್ದು ಅದನ್ನು ಹಿಡಿದವನ ಕಿವಿಯ ಬಳಿ ಸಾಮಾನ್ಯವಾಗಿ 100 ಡೆಸಿಬಲ್ ದಾಟುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಶಬ್ದ ಸುಮಾರು 6 ಡೆಸಿಬಲ್‌ನಷ್ಟೇ ತಗ್ಗುವುದರಿಂದ, ಹತ್ತು ಮೀಟರ್ ಆಚೆಯ ಮನೆಯ ಕಿಟಕಿಗೂ ಅದು 80ರ ಆಸುಪಾಸಿನಲ್ಲೇ ತಲುಪುತ್ತದೆ. ಮೂವತ್ತು-ನಲವತ್ತರ ಸೈಟುಗಳಲ್ಲಿ ಹತ್ತು ಮೀಟರ್ ಎಂದರೆ ಪಕ್ಕದ ಮನೆಯೇ. ಅಂಕಿಗಿಂತಲೂ ಹೆಚ್ಚಾಗಿ ಕಾಡುವುದು ಆ ಸದ್ದಿನ ಏರಿಳಿತ. ನಮ್ಮ ಹಿಂದಿನ ಸೈಟಿನಲ್ಲಿ ಸಿಲ್ವರ್ ಮರ ಸವರುವಾಗ ನಿಂತು ನೋಡಿದ್ದೇನೆ. ಮರ ಹತ್ತಿದವನು ಸೊಂಟದ ಹಗ್ಗ ಬಿಗಿದುಕೊಂಡು, ಕೆಳಗಿನಿಂದ ಇನ್ನೊಂದು ಹಗ್ಗದಲ್ಲಿ ಗರಗಸವನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಯಂತ್ರ ಮೊದಲು ಗುರುಗುಟ್ಟುತ್ತದೆ, ಆಮೇಲೆ ಕೀರಲಾಗಿ ಕೂಗುತ್ತದೆ, ಸರಪಳಿ ಕೊಂಬೆಗೆ ಕಚ್ಚಿದಾಗ ದನಿ ದಪ್ಪಗಾಗಿ, ಕೊಂಬೆ ಮುರಿದು ಬೀಳುತ್ತಲೇ ಮತ್ತೆ ಕಿರುಚುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಹೇಗೋ ಒಗ್ಗಿಕೊಳ್ಳುತ್ತದೆ, ಇದಕ್ಕೆ ಒಗ್ಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವ ನರ್ಸುಗಳು, ರಾತ್ರಿಯೆಲ್ಲ ಕೆಮ್ಮಿ ನಸುಕಿಗೆ ಕಣ್ಣು ಮುಚ್ಚುವ ಮುದುಕರು, ಎಳೆಗೂಸಿನ ತಾಯಂದಿರು ನಮ್ಮ ಬೀದಿಯಲ್ಲೇ ಇದ್ದಾರೆ.

ಕೆಲಸದವರ ಕಡೆಯ ಮಾತನ್ನೂ ಕೇಳಬೇಕು, ಏಕೆಂದರೆ ಅದರಲ್ಲಿ ತೂಕವಿದೆ. "ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ, ಮೂರು ಗಂಟೆಗೆ ಮಳೆ ಬಂದ್ರೆ ಮರ ಜಾರುತ್ತೆ ಮೇಷ್ಟ್ರೇ, ಬೆಳಿಗ್ಗೆ ಬೇಗ ಮುಗಿಸದೆ ವಿಧಿ ಇಲ್ಲ" ಎಂದು ಆ ತಂಡದ ಹಿರಿಯ ನನಗೆ ಹೇಳಿದ. ಏಪ್ರಿಲ್-ಮೇ ತಿಂಗಳಿನ ನಮ್ಮ ಮಳೆಯನ್ನು ಬಲ್ಲ ಯಾರೂ ಇದನ್ನು ಅಲ್ಲಗಳೆಯಲಾರರು, ಮರದ ಮೇಲಿರುವವನ ಜೀವ ನನ್ನ ನಿದ್ದೆಗಿಂತ ದೊಡ್ಡದು. ಆದರೆ ಅವಸರದ ಮೂಲ ಮಳೆಯೊಂದೇ ಅಲ್ಲ. ಮರಕ್ಕಿಷ್ಟು ಎಂದು ಗುತ್ತಿಗೆ ಮಾತಾಗಿರುವುದರಿಂದ ದಿನಕ್ಕೆ ಎರಡು ಮನೆ ಮುಗಿಸಿದರಷ್ಟೇ ಗುತ್ತಿಗೆದಾರನಿಗೆ ಗಿಟ್ಟುತ್ತದೆ, ಅದರ ಭಾರ ಆಳಿನ ಮೇಲೂ ಬೀದಿಯ ಮೇಲೂ ಬೀಳುತ್ತದೆ.

ದಾರಿ ಇಲ್ಲದಿಲ್ಲ. ಈ ಕೆಲಸದಲ್ಲಿ ಯಂತ್ರ ಓಡುವ ಹೊತ್ತಿಗಿಂತ ಓಡದ ಹೊತ್ತೇ ಬಹಳ. ಏಣಿ ನಿಲ್ಲಿಸುವುದು, ಹಗ್ಗ ಕಟ್ಟುವುದು, ತಂತಿಯ ಬಳಿ ಕೆಲಸವಿದ್ದರೆ ಮೆಸ್ಕಾಂನವರಿಂದ ಲೈನ್ ಆಫ್ ಮಾಡಿಸಿಕೊಳ್ಳುವುದು, ಸಣ್ಣ ಹರೆಗಳನ್ನು ಕತ್ತಿಯಿಂದ ಸವರುವುದು, ಬೇಲಿಯ ಬುಡ ಬಿಡಿಸುವುದು ಇವೆಲ್ಲ ಆರೂವರೆಗೇ ನಡೆಯಲಿ, ಯಾರಿಗೂ ತೊಂದರೆಯಿಲ್ಲ. ಎಂಟಕ್ಕೆ ಗರಗಸ ಚಾಲೂ ಮಾಡಿದರೆ ಮಧ್ಯಾಹ್ನ ಒಂದರವರೆಗೆ ಐದು ಗಂಟೆ ಸಿಗುತ್ತದೆ, ಮನೆಯಂಗಳದ ಒಂದು ಮರಕ್ಕೆ ಅದು ಧಾರಾಳ. ಬಿದ್ದ ಕೊಂಬೆಗಳನ್ನು ತುಂಡು ಮಾಡಲು ಸಂಜೆ ಐದೂವರೆಯವರೆಗೂ ಹೊತ್ತಿದೆ, ಸೌದೆ ಟ್ರ್ಯಾಕ್ಟರಿಗೆ ತುಂಬುವುದು ಆಮೇಲಾದರೂ ಆದೀತು. ಬೇಲಿ ಸವರುವ ಯಂತ್ರಕ್ಕೂ ಇದೇ ಹೊತ್ತು ಸಾಕು. ಕಾಫಿ ತೋಟದ ಮರಗಸಿಯನ್ನು, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸವನ್ನು, ನಾನಿಲ್ಲಿ ಎಳೆದು ತರುತ್ತಿಲ್ಲ, ಅಲ್ಲಿ ಸುತ್ತ ಮನೆಗಳೇ ವಿರಳ.

ಜರ್ಮನಿಯಲ್ಲಿ 2002ರಿಂದ ವಾಸದ ಪ್ರದೇಶಗಳಲ್ಲಿ ಇಂಥ ಯಂತ್ರಗಳನ್ನು ಭಾನುವಾರ ಮತ್ತು ರಜಾದಿನಗಳಲ್ಲಿ ಇಡೀ ದಿನ, ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಓಡಿಸುವಂತಿಲ್ಲ. ಅದನ್ನೇ ಇಲ್ಲಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ, ಆದರೆ ಹೊತ್ತನ್ನು ಬರೆದಿಟ್ಟರೆ ಜಗಳ ತಪ್ಪುತ್ತದೆ. ನಮ್ಮ ನಗರಸಭೆಯೂ ಇಂಥದೊಂದು ವೇಳೆಯನ್ನು ಗೊತ್ತುಮಾಡಿ ಪ್ರಕಟಿಸಲಿ ಎಂಬುದು ನನ್ನ ಆಗ್ರಹ.

ಹೊತ್ತಿನ ಮಿತಿ ಕೆಲಸಗಾರನ ಕಿವಿಗೂ ಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್‌ನ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು, ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬರುವಾಗ ಉಳಿಯುವುದು ಬರೀ 15 ನಿಮಿಷ. ಕಿವಿಗೆ ಹತ್ತಿಯನ್ನೂ ಇಟ್ಟುಕೊಳ್ಳದೆ ದಿನವಿಡೀ ಗರಗಸ ಹಿಡಿಯುವ ಹುಡುಗರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹತ್ತಿಯಿಂದಲೂ ಹೆಚ್ಚೇನೂ ಆಗದು, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ಬೇಕು.

ಗಾಳಿಮಳೆಗೆ ಮರ ಮನೆಯ ಮೇಲೆ ಬಿದ್ದಾಗ ಮಧ್ಯರಾತ್ರಿಯಾದರೂ ಗರಗಸ ಓಡಬೇಕು. ಮೊದಲೇ ಗೊತ್ತುಮಾಡಿದ ಕೆಲಸವಾದರೆ, ದರ ಮಾತಾಡುವಾಗಲೇ ಯಂತ್ರ ಎಂಟಕ್ಕೆ ಮೊದಲು ಬೇಡ ಎಂದು ಮನೆಯ ಯಜಮಾನರು ಗುತ್ತಿಗೆದಾರನಿಗೆ ಹೇಳಬೇಕು, ಮತ್ತು ದಿನಕ್ಕೊಂದೇ ಮನೆಯಾಗುವುದಾದರೆ ಅದಕ್ಕೆ ತಕ್ಕ ಹಣ ಕೂಡಿಸಿ ಕೊಡಬೇಕು. ಹಿಂದಿನ ಸಂಜೆಯೇ ಎಡಬಲದ ಮನೆಗಳಿಗೂ ಹಿಂಬದಿಯ ಮನೆಗೂ ಹೋಗಿ ನಾಳೆ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಸದ್ದಿರುತ್ತದೆ ಎಂದು ತಿಳಿಸಿದರೆ, ಮಗು ಮಲಗಿಸುವವರು, ಪರೀಕ್ಷೆಗೆ ಓದುವವರು ತಮ್ಮ ಹೊತ್ತನ್ನು ಹೊಂದಿಸಿಕೊಳ್ಳುತ್ತಾರೆ.