ಬಿಳಿ ಷ್ಪಾರ್ಗೆಲ್‌ಗೆ ಒಗ್ಗುವ ವೈನ್

ಜರ್ಮನಿಯ ವೈನ್ ಎಂದರೆ ಸಿಹಿ ರೀಸ್ಲಿಂಗ್ ಎಂದೇ ನಂಬಿರುವವರು ಮೇ ತಿಂಗಳಲ್ಲಿ ಒಮ್ಮೆ ವ್ಯೂರ್ಟ್ಸ್‌ಬುರ್ಗ್‌ಗೆ ಹೋಗಿಬರಬೇಕು. ಮೈನ್ ನದಿಯ ದಂಡೆಯ ಆ ಊರಿನಲ್ಲಿ, ಸ್ನೇಹಿತೆಯೊಬ್ಬರ ಮನೆಯಲ್ಲಿ ನಾನು ಕಳೆದ ಒಂದು ಶನಿವಾರ, ಸಿಲ್ವಾನರ್ ಎಂಬ ಬಿಳಿ ವೈನಿನ ಮೇಲೆ ನನಗೆ ಇಂದಿಗೂ ಕುಂದದ ಪ್ರೀತಿಯನ್ನು ಹುಟ್ಟಿಸಿತು.

ಬೆಳಿಗ್ಗೆ ರೈಲು ನಿಲ್ದಾಣದ ಹಿಂದೆಯೇ ಎದ್ದು ನಿಂತಿರುವ ಸ್ಟೈನ್ ಗುಡ್ಡವನ್ನು ಹತ್ತಿದೆವು. ದಕ್ಷಿಣಕ್ಕೆ ಮುಖಮಾಡಿದ ಆ ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲುಗಳ ನಡುವೆ ಬೂದುಬಣ್ಣದ ಸುಣ್ಣಕಲ್ಲಿನ ಚೂರುಗಳು ಹರಡಿದ್ದವು. ಬಹು ಹಿಂದೆ ಸಮುದ್ರದ ತಳವಾಗಿದ್ದ ಈ ನೆಲದ ಕಲ್ಲಿನಲ್ಲಿ ಚಿಪ್ಪಿನ ಗುರುತುಗಳು ಈಗಲೂ ಸಿಗುತ್ತವೆ. ಸಿಲ್ವಾನರ್ ಮೂಲತಃ ಆಸ್ಟ್ರಿಯಾ ಕಡೆಯ ದ್ರಾಕ್ಷಿ ತಳಿ. ವ್ಯೂರ್ಟ್ಸ್‌ಬುರ್ಗ್ ಇರುವ ಫ್ರಾಂಕೆನ್ ಪ್ರಾಂತ್ಯದ ಕಾಸ್ಟೆಲ್‌ನಲ್ಲಿ ಅದನ್ನು ನೆಟ್ಟದ್ದು 1659ರಲ್ಲಿ. ಅದರ ವೈನನ್ನು ತುಂಬುವ ಬಾಕ್ಸ್‌ಬಾಯ್ಟೆಲ್ ಎಂಬ ಚಪ್ಪಟೆ ಹೊಟ್ಟೆಯ ಬಾಟಲಿಯನ್ನು ಕಂಡರೆ ಸಾಕು, ಅದು ಎಲ್ಲಿಯದೆಂದು ಜರ್ಮನರಿಗೆ ತಿಳಿಯುತ್ತದೆ.

ಇಳಿದು ಬರುವಾಗ ಮಾರುಕಟ್ಟೆಯಲ್ಲಿ ಷ್ಪಾರ್ಗೆಲ್, ಅಂದರೆ ಬಿಳಿ ಆಸ್ಪರಾಗಸ್ ಎಂಬ ಕಡ್ಡಿಯಂಥ ತರಕಾರಿ, ಕೊಂಡೆವು. ಚಿಗುರಿಗೆ ಬಿಸಿಲು ತಾಗದಂತೆ ಮಣ್ಣು ಏರಿಸಿ ಬೆಳೆಸುವುದರಿಂದ ಅದು ಬೆಳ್ಳಗೆ ಉಳಿಯುತ್ತದೆ. ಸುಗ್ಗಿ ಏಪ್ರಿಲ್‌ನಿಂದ ಜೂನ್ 24ರವರೆಗೆ ಮಾತ್ರ. ಸ್ನೇಹಿತೆ ಎರಡು ಕಡ್ಡಿಗಳನ್ನು ಒಂದಕ್ಕೊಂದು ಉಜ್ಜಿದರು, ಕೀಚ್ ಎಂಬ ಸದ್ದು ಬಂತು. ಆ ಸದ್ದು ಬಂದರೆ ಅಂದೇ ಕಿತ್ತದ್ದು ಎನ್ನಬಹುದಂತೆ. ಮನೆಗೆ ಬಂದು, ತುದಿಯನ್ನು ಬಿಟ್ಟು ಅದರ ಕೆಳಗಿನಿಂದ ಬುಡದವರೆಗೆ ಸಿಪ್ಪೆಯನ್ನು ದಪ್ಪವಾಗಿಯೇ ಹೆರೆದರು, ಏಕೆಂದರೆ ಉಳಿದ ನಾರು ಬೆಂದ ಮೇಲೂ ಹಲ್ಲಿಗೆ ಸಿಕ್ಕುತ್ತದೆ. ಆ ಸಿಪ್ಪೆಯನ್ನೂ ಎಸೆಯದೆ ಕುದಿಸಿ, ಸೋಸಿ, ಅದೇ ನೀರಿಗೆ ಉಪ್ಪು, ಚಿಟಿಕೆ ಸಕ್ಕರೆ, ಒಂದು ತುಂಡು ಬೆಣ್ಣೆ ಹಾಕಿ ಕಡ್ಡಿಗಳನ್ನು ಬೇಯಿಸಿದರು. ಜೊತೆಗೆ ಹೊಸ ಆಲೂಗಡ್ಡೆ ಮತ್ತು ಕರಗಿಸಿದ ಬೆಣ್ಣೆ. ಅವರ ತಟ್ಟೆಯಲ್ಲಿ ಹ್ಯಾಮ್ ಇತ್ತು, ಸಸ್ಯಾಹಾರಿಯಾದ ನನಗೆ ಅದರ ಕೊರತೆ ಕಾಣಲಿಲ್ಲ.

ಷ್ಪಾರ್ಗೆಲ್ ವೈನಿಗೆ ಸುಲಭದ ಜೊತೆಗಾರನಲ್ಲ. ಅದರಲ್ಲಿರುವ ತೆಳುವಾದ ಕಹಿ ಕೆಂಪು ವೈನಿನ ಒಗರಿನೊಡನೆ ಸೇರಿದರೆ ಬಾಯಲ್ಲಿ ಲೋಹದಂಥ ರುಚಿ ಉಳಿಯುತ್ತದೆ. ಮೇಜಿನ ಮೇಲೆ ಸ್ನೇಹಿತೆ ಎರಡು ಬಾಟಲಿ ಇಟ್ಟಿದ್ದರು, ಒಂದು ರೀಸ್ಲಿಂಗ್, ಇನ್ನೊಂದು ಸಿಲ್ವಾನರ್, ಎರಡರ ಮೇಲೂ ‘ಟ್ರೋಕನ್’, ಅಂದರೆ ಸಿಹಿಯಿಲ್ಲದ್ದು, ಎಂಬ ಬರಹ. ಹಾಗೆ ಬರೆಯಬೇಕಾದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ ಉಳಿದಿರಬಹುದು. ಫ್ರಾಂಕೆನ್‌ನ ಅನೇಕ ಬೆಳೆಗಾರರು ಅದನ್ನು 4 ಗ್ರಾಂಗಿಂತ ಕೆಳಗೇ ಇಳಿಸುತ್ತಾರೆ. ಮೊದಲು ರೀಸ್ಲಿಂಗ್ ಕುಡಿದೆ. ಬರಿದೇ ಕುಡಿದಾಗ ಅದ್ಭುತವೆನಿಸಿದ ಅದರ ಚುರುಕಾದ ಹುಳಿ, ಷ್ಪಾರ್ಗೆಲ್‌ನ ಮೇಲೆ ಬಿದ್ದೊಡನೆ ತರಕಾರಿಯ ಸವಿಯನ್ನು ಮುಚ್ಚಿಹಾಕಿತು. ಸಿಲ್ವಾನರ್‌ನ ಹುಳಿ ಮೆದು. ಪೇರ್ ಹಣ್ಣು ಮತ್ತು ಒಣಹುಲ್ಲಿನ ಮಂದವಾದ ಪರಿಮಳದ ಆ ವೈನು ಬೆಣ್ಣೆಯ ಜಿಡ್ಡನ್ನು ನಾಲಿಗೆಯಿಂದ ಬಿಡಿಸಿ, ಷ್ಪಾರ್ಗೆಲ್‌ನ ಮಣ್ಣಿನ ಸಿಹಿಯನ್ನು ಹಾಗೆಯೇ ಉಳಿಸಿಕೊಟ್ಟಿತು. ಸಿಲ್ವಾನರ್ ಸಪ್ಪೆ ಎಂದು ತಳ್ಳಿಹಾಕುವವರು ಅದನ್ನು ಊಟವಿಲ್ಲದೆ ಕುಡಿದಿರುತ್ತಾರೆ ಎಂಬುದು ನನ್ನ ದೃಢವಾದ ಅನಿಸಿಕೆ. ರೀಸ್ಲಿಂಗ್‌ಗೆ ತಕ್ಕ ಊಟ ಬೇರೆಯೇ ಇದೆ: ಹೊಗೆಯಾಡಿಸಿದ ಟ್ರೌಟ್ ಮೀನು, ಹಂದಿಮಾಂಸದಂಥ ಕೊಬ್ಬಿನ ಪದಾರ್ಥಗಳು ಅದರ ಹುಳಿಯನ್ನು ತಡೆದುಕೊಳ್ಳುತ್ತವೆ ಎಂದು ಸ್ನೇಹಿತೆ ವಿವರಿಸಿದರು.

ಆಮೇಲೆ ನನ್ನ ಅಡುಗೆಮನೆಯಲ್ಲಿಯೂ ಸಿಲ್ವಾನರ್‌ಗೆ ಜಾಗ ಸಿಕ್ಕಿತು. ಖಾರದ ಸಾರು, ಪಲ್ಯಗಳ ಜೊತೆ ಅದು ಸಲ್ಲದು. ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಅದನ್ನು ತಣಿಸಲು ಟ್ರೋಕನ್ ವೈನಿನಲ್ಲಿ ಸಿಹಿ ಇರುವುದಿಲ್ಲ. ಆದರೆ ನಿಂಬೆರಸವನ್ನು ಮಿತವಾಗಿ ಹಿಂಡಿ, ಕಾಯಿತುರಿ ಧಾರಾಳವಾಗಿ ಬೆರೆಸಿ, ಹಸಿಮೆಣಸಿನಕಾಯಿ ಬಿಟ್ಟು ಮಾಡಿದ ಹೆಸರುಬೇಳೆ ಕೋಸಂಬರಿಗೆ, 10 ಡಿಗ್ರಿಯಷ್ಟು ತಣ್ಣಗಿರುವ ಸಿಲ್ವಾನರ್ ಬಹಳ ಚೆನ್ನಾಗಿ ಹೊಂದುತ್ತದೆ.