ಅಪ್ಪನ ಜೊತೆ ಬ್ರೂಸ್ ಲೀ ಸಮಾಧಿಗೆ

ಸಿಯಾಟಲ್‌ಗೆ ಬಂದ ಮೂರನೇ ದಿನವೇ ಅಪ್ಪ ಕೇಳಿದ್ದರು. "ಬ್ರೂಸ್ ಲೀ ಸಮಾಧಿ ಇದೇ ಊರಲ್ಲಿ ಇದೆಯಂತಲ್ಲೋ. ಇಲ್ಲಿಂದ ತುಂಬಾ ದೂರಾನಾ?"

ದೂರವೇನಿಲ್ಲ, ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷವಾಗಿದ್ದರೂ ಒಂದು ಸಲವೂ ಆ ಕಡೆ ಹೋಗಿರಲಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ಹೊರಟೆವು. ಅಮ್ಮ ಬರುವುದಿಲ್ಲ ಎಂದರು. "ಹೋಗಿ, ನಾನೇನು ಬೇಡ ಅನ್ನಲ್ಲ. ಆದ್ರೆ ಸ್ಮಶಾನಕ್ಕೆ ಹೋದ ಮೇಲೆ ಬೇರೆಲ್ಲೂ ಹೋಗೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ. ಸೀದಾ ಮನೆಗೆ ಬಂದು ಸ್ನಾನ." ಹಾಗಾಗಿ ಬೇರೆ ಜಾಗಗಳನ್ನೆಲ್ಲ ಮೊದಲು ನೋಡಿಕೊಂಡು, ಸಮಾಧಿಗೆ ಕೊನೆಗೆ ಹೋಗುವುದು ಎಂದಾಯಿತು.

ಅಪ್ಪನದು ಭದ್ರಾವತಿ. ಪಿಯುಸಿ ಓದುವಾಗ ಶಿವಮೊಗ್ಗದ ಟಾಕೀಸಿಗೆ ಹೋಗಿ ಬ್ರೂಸ್ ಲೀಯ ಸಿನಿಮಾ 'ಎಂಟರ್ ದ ಡ್ರ್ಯಾಗನ್' ನೋಡಿದರು. ಒಂದೇ ವಾರದಲ್ಲಿ ಮೂರು ಸಲ. ಮೂರನೇ ಸಲ ಬಸ್ಸಿಗೆ ದುಡ್ಡು ಉಳಿಯದೆ ರಾತ್ರಿ ನಡೆದುಕೊಂಡೇ ಬಂದರಂತೆ. ಮರುದಿನ ಅಜ್ಜನ ಗುದ್ದಲಿಯ ಕಾವನ್ನು ಎರಡು ತುಂಡು ಮಾಡಿ, ನಡುವೆ ಹಳೇ ಸೈಕಲ್ ಚೈನ್ ಕಟ್ಟಿ ನನ್‌ಚಾಕು ಮಾಡಿದರು. ಬೀಸಿದ ಎರಡನೇ ಸುತ್ತಿಗೇ ಅದು ಬಂದು ಎಡ ಹುಬ್ಬಿಗೆ ಬಡಿಯಿತು. ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಗೆರೆ ಈಗಲೂ ಇದೆ. ಚಿಕ್ಕವನಿದ್ದಾಗ ಅಪ್ಪನ ತೊಡೆ ಮೇಲೆ ಕೂತು ಆ ಗೆರೆಯನ್ನು ಬೆರಳಲ್ಲಿ ಸವರುತ್ತಿದ್ದದ್ದು ನನಗೆ ನೆನಪಿದೆ.

ಆಮೇಲೆ ಅಪ್ಪ ಸರಿಯಾಗಿ ಕರಾಟೆ ಕಲಿತರು. ಕಾರ್ಖಾನೆ ಕೆಲಸ ಸಿಕ್ಕ ಮೇಲೆ ಕ್ವಾರ್ಟರ್ಸ್ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಹೇಳಿಕೊಟ್ಟರು. ಫೀಸು ತೆಗೆದುಕೊಳ್ಳಲಿಲ್ಲ. ಅಪ್ಪನಿಗೆ ಬ್ರೂಸ್ ಲೀ ಯಾವತ್ತೂ 'ಅವನು'. ಗೆಳೆಯನಿಗೆ ಹೇಳುವಂಥ ಅವನು. ನನ್ನ ಬಾಯಲ್ಲೂ ಅದೇ ಬರುತ್ತದೆ.

ಮೊದಲು ಚೈನಾಟೌನ್‌ಗೆ ಹೋದೆವು. ಕಿಂಗ್ ಸ್ಟ್ರೀಟ್‌ನಲ್ಲಿ ತೈ ತುಂಗ್ ಅಂತ ಒಂದು ಹೋಟೆಲ್ ಇದೆ. 1935ರಲ್ಲಿ ಶುರುವಾದದ್ದು, ಲೀ ಊಟಕ್ಕೆ ಬರುತ್ತಿದ್ದ ಜಾಗ. ಅವನಿಗೆ ಇಷ್ಟವಾದ ತಿಂಡಿಗಳು ಅಪ್ಪ ತಿನ್ನುವಂಥವಲ್ಲ. ತರಕಾರಿ, ತೋಫು, ಬಿಳಿ ಅನ್ನ ಹೇಳಿದೆವು. ಅಪ್ಪನ ಕಣ್ಣು ತಟ್ಟೆಗಿಂತ ಜಾಸ್ತಿ ಗೋಡೆಗಳ ಮೇಲೇ ಇತ್ತು.

ಅಲ್ಲಿ ಕೂತು ನಾನು ಹಿಂದಿನ ವಾರ ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಅವನು ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 1940ರ ನವೆಂಬರ್ 27ರಂದು ಅಂದಾಗ ಅಪ್ಪ ಚಮಚ ಕೆಳಗಿಟ್ಟರು. "ಅಮೆರಿಕದಲ್ಲಾ?" ಹೌದು. ಅವನ ಅಪ್ಪ ಲೀ ಹೊಯ್ ಚುಯೆನ್ ಕ್ಯಾಂಟನೀಸ್ ಸಂಗೀತ ನಾಟಕದ ನಟ. ನಮ್ಮ ಯಕ್ಷಗಾನ ಮೇಳಗಳ ಹಾಗೆ ಊರೂರು ತಿರುಗುವ ತಂಡ. ಆ ತಿರುಗಾಟದಲ್ಲಿ ಅಮೆರಿಕಕ್ಕೆ ಬಂದಾಗ ಮಗ ಹುಟ್ಟಿದ. ಕೆಲವೇ ತಿಂಗಳ ಕೂಸಾಗಿದ್ದಾಗಲೇ ಒಂದು ಸಿನಿಮಾದಲ್ಲಿ ಹೆಣ್ಣು ಮಗುವಾಗಿ ಕಾಣಿಸಿಕೊಂಡ. ಬೆಳೆದದ್ದು ಹಾಂಗ್‌ಕಾಂಗಿನಲ್ಲಿ. ಹದಿನೆಂಟು ತುಂಬುವ ಹೊತ್ತಿಗೆ ಸುಮಾರು 20 ಸಿನಿಮಾಗಳಲ್ಲಿ ನಟಿಸಿದ್ದ. ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಅನ್ನುವ ಕುಂಗ್‌ಫು ಶೈಲಿ ಕಲಿತಿದ್ದ, 1958ರಲ್ಲಿ ಚಾ-ಚಾ ಡಾನ್ಸಿನಲ್ಲಿ ಹಾಂಗ್‌ಕಾಂಗಿಗೇ ಮೊದಲ ಬಹುಮಾನ ಗೆದ್ದಿದ್ದ. ಬೀದಿ ಜಗಳಗಳೂ ಅಷ್ಟೇ ಇದ್ದವು. ಪೊಲೀಸರ ತನಕ ಹೋದ ಮೇಲೆ ಮನೆಯವರು ಹೆದರಿ, ಕೈಗೆ 100 ಡಾಲರ್ ಕೊಟ್ಟು 1959ರಲ್ಲಿ ಹಡಗು ಹತ್ತಿಸಿದರು.

"ಡಾನ್ಸಾ?" ಅಂತ ಅಪ್ಪ ಮತ್ತೆ ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದರು, "ಅದಕ್ಕೇ ನೋಡು ಆ ಕಾಲು." ಸಿನಿಮಾದಲ್ಲಿ ಅವನ ಕೈ ವೇಗವನ್ನು ಎಲ್ಲರೂ ಹೊಗಳುತ್ತಾರೆ. ಅಪ್ಪ ಮಾತ್ರ ಯಾವಾಗಲೂ ಕಾಲು ನೋಡು ಎನ್ನುತ್ತಿದ್ದರು. ಹೊಡೆಯುವ ಮುಂಚೆ ಹಿಮ್ಮಡಿ ನೆಲಕ್ಕೆ ತಾಗದೆ ಕುಣಿಯುತ್ತಲೇ ಇರುತ್ತದೆ. ಅದು ಎಲ್ಲಿಂದ ಬಂತು ಎನ್ನುವುದು ಅವರಿಗೆ ಈ ಎಪ್ಪತ್ತರ ಹತ್ತಿರದಲ್ಲಿ ಗೊತ್ತಾಯಿತು.

ಅಲ್ಲಿಂದ ಬ್ರಾಡ್‌ವೇ ಮತ್ತು ಜೆಫರ್ಸನ್ ರಸ್ತೆ ಸೇರುವ ಮೂಲೆಗೆ ಹೋದೆವು. ರೂಬಿ ಚೌ ಎನ್ನುವವರ ಹೋಟೆಲ್ ಅಲ್ಲಿತ್ತು. ಲೀ ಅಲ್ಲಿ ಊಟ ಬಡಿಸುತ್ತಿದ್ದ, ಅಲ್ಲೇ ಒಂದು ಪುಟ್ಟ ಕೋಣೆಯಲ್ಲಿ ಮಲಗುತ್ತಿದ್ದ. ಹಗಲು ಎಡಿಸನ್ ಟೆಕ್ನಿಕಲ್ ಸ್ಕೂಲಿನಲ್ಲಿ ಓದು. 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಹೋಟೆಲ್ ಈಗಿಲ್ಲ, ನೋಡುವುದಕ್ಕೆ ಏನೂ ಇಲ್ಲ. ಆದರೂ ಅಪ್ಪ ಕಾರಿನಿಂದ ಇಳಿದು ಫುಟ್‌ಪಾತಿನಲ್ಲಿ ಐದು ನಿಮಿಷ ನಿಂತರು. ನಾನೂ ನಿಂತೆ. ನಾನು ಈ ಊರಿಗೆ ಬಂದಿಳಿದಾಗ ನನಗೆ ಇಪ್ಪತ್ಮೂರು. ಎರಡು ಸೂಟ್‌ಕೇಸು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಕೈಯಲ್ಲಿ ಕೆಲಸದ ಪತ್ರ. ಮೊದಲ ತಿಂಗಳು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವನಿಗೆ ಆಗ ಹದಿನೆಂಟು. ಸಿನಿಮಾದಲ್ಲಿ ಮುಖ ಕಂಡಿದ್ದ ಹುಡುಗ ಇಲ್ಲಿ ಎಂಜಲು ತಟ್ಟೆ ಎತ್ತುತ್ತಿದ್ದ. ಸಂಜೆ ಸಿಕ್ಕ ಖಾಲಿ ಜಾಗದಲ್ಲಿ, ಪಾರ್ಕಿನಲ್ಲಿ ನಾಲ್ಕು ಜನರನ್ನು ಸೇರಿಸಿಕೊಂಡು ಕುಂಗ್‌ಫು ಹೇಳಿಕೊಡುತ್ತಿದ್ದ. ಮೊದಲ ಶಿಷ್ಯ ಜೆಸ್ಸಿ ಗ್ಲೋವರ್, ಕರಿಯ ಜನಾಂಗದವರು. ಚೀನಿಯರಲ್ಲದವರಿಗೆ ಈ ವಿದ್ಯೆ ಹೇಳಿಕೊಡುವುದನ್ನು ಬಹಳಷ್ಟು ಹಿರಿಯರು ಒಪ್ಪದ ಕಾಲ ಅದು. ಅವನು ಬಂದವರಿಗೆಲ್ಲ ಹೇಳಿಕೊಟ್ಟ.

ನನ್ನ ಮಟ್ಟಿಗೆ ಅವನ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದು ಈ ಊರಲ್ಲಿ ಕಳೆದ ಐದು ವರ್ಷ. ಆಮೇಲಿನದು ಎಲ್ಲರಿಗೂ ಗೊತ್ತು: ಟೀವಿ ಧಾರಾವಾಹಿಯಲ್ಲಿ ಕೇಟೋ ಎಂಬ ಪಾತ್ರ, ಹಾಲಿವುಡ್ಡಿನಲ್ಲಿ ನಾಯಕನ ಪಾತ್ರ ಸಿಗದೆ ಹಾಂಗ್‌ಕಾಂಗಿಗೆ ಮರಳಿದ್ದು, 1971ರಿಂದ ಸಾಲಾಗಿ ಗೆದ್ದ ಸಿನಿಮಾಗಳು.

ಲೇಕ್ ವ್ಯೂ ಸ್ಮಶಾನ ಕ್ಯಾಪಿಟಲ್ ಹಿಲ್‌ನ ಮೇಲೆ, ವಾಲಂಟಿಯರ್ ಪಾರ್ಕಿನ ಪಕ್ಕದಲ್ಲಿದೆ. ಬೆಳಿಗ್ಗೆ ಮಳೆ ಬಂದು ಹುಲ್ಲು ಒದ್ದೆಯಾಗಿತ್ತು. ಎರಡು ಕಲ್ಲುಗಳು ಅಕ್ಕಪಕ್ಕ ನಿಂತಿವೆ. ಕೆಂಪು ಕಲ್ಲು ಬ್ರೂಸ್ ಲೀಯದು, ಕಪ್ಪು ಕಲ್ಲು ಮಗ ಬ್ರಾಂಡನ್‌ನದು. ಕೆಂಪು ಕಲ್ಲಿನ ಮೇಲೆ ಪುಟ್ಟ ಫೋಟೋ, ಇಂಗ್ಲಿಷಿನಲ್ಲೂ ಚೀನೀ ಅಕ್ಷರದಲ್ಲೂ ಹೆಸರು, ಕೆಳಗೆ 'ಜೀತ್ ಕುನ್ ದೋ ಸ್ಥಾಪಕ' ಎಂದಿದೆ. ಅವನೇ ಕಟ್ಟಿದ ಕಾದಾಟದ ಪದ್ಧತಿ ಅದು. ನಟ ಅಂತ ಇಲ್ಲ. ಯಾರೋ ಹೂವು, ಕಿತ್ತಳೆ ಹಣ್ಣು, ಚಿಲ್ಲರೆ ಇಟ್ಟು ಹೋಗಿದ್ದರು.

ಅಪ್ಪ ಬೂಟು ಬಿಚ್ಚಿದರು. ಸಾಕ್ಸನ್ನೂ ತೆಗೆದು ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಕೈ ಮುಗಿದರು. ಆಮೇಲೆ ಬ್ರಾಂಡನ್ ಕಲ್ಲಿನ ಮುಂದೆಯೂ ನಿಂತರು. 1993ರಲ್ಲಿ ಶೂಟಿಂಗ್ ವೇಳೆ ಗುಂಡು ತಗುಲಿ ಸತ್ತಾಗ ಅವನಿಗೆ 28. ಬ್ರೂಸ್ ಲೀ ಸತ್ತದ್ದು 32ಕ್ಕೆ, 1973ರ ಜುಲೈ 20ರಂದು. ತಲೆನೋವಿಗೆ ತೆಗೆದುಕೊಂಡ ಮಾತ್ರೆ ಒಗ್ಗದೆ ಮೆದುಳು ಊದಿಕೊಂಡಿತು ಎಂದು ಹಾಂಗ್‌ಕಾಂಗಿನ ವಿಚಾರಣೆ ಹೇಳಿತು. ಅಪ್ಪನಿಗೆ ಮೂರು ಸಲ ಟಿಕೆಟ್ ಕೊಳ್ಳುವಂತೆ ಮಾಡಿದ ಆ ಸಿನಿಮಾ ತೆರೆಗೆ ಬಂದದ್ದನ್ನು ಅವನು ನೋಡಲೇ ಇಲ್ಲ.

"ಸತ್ತದ್ದು ಅಲ್ಲಿ, ಮಣ್ಣು ಮಾಡಿದ್ದು ಇಲ್ಯಾಕೆ?" ಅಂದರು ಅಪ್ಪ. ಹೆಂಡತಿ ಲಿಂಡಾ ಈ ಊರಿನವರು, ಇಬ್ಬರೂ ಸಂತೋಷವಾಗಿದ್ದ ಊರು ಇದು ಅಂತ ಇಲ್ಲಿಗೆ ತಂದರು ಎಂದೆ. ಹೆಣ ಹೊತ್ತವರಲ್ಲಿ ಸ್ಟೀವ್ ಮೆಕ್ವೀನ್, ಜೇಮ್ಸ್ ಕೋಬರ್ನ್‌ರಂಥ ದೊಡ್ಡ ನಟರಿದ್ದರು. ಟಾಕಿ ಕಿಮುರಾ ಕೂಡ ಇದ್ದರು.

ಕಿಮುರಾ ಬಗ್ಗೆ ಅಪ್ಪ ಕೇಳಿರಲಿಲ್ಲ. ಜಪಾನಿ ಮೂಲದ ಅಮೆರಿಕನ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಪ್ರಜೆಗಳಾದ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತಲ್ಲ, ಅಲ್ಲಿದ್ದು ಬಂದವರು. ಹೊರಬಂದ ಮೇಲೆ ತಲೆ ಎತ್ತಿ ನಡೆಯುವ ಧೈರ್ಯವೇ ಉಳಿದಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂಗಡಿ ನಡೆಸುತ್ತಿದ್ದ ಅವರು ಲೀಗಿಂತ 16 ವರ್ಷ ದೊಡ್ಡವರು. ಈ ಹುಡುಗನ ಶಿಷ್ಯರಾದರು. ಅವನ ಮದುವೆಯಲ್ಲಿ ಪಕ್ಕ ನಿಂತರು, ಅವನು ಊರು ಬಿಟ್ಟ ಮೇಲೂ ಪಾಠ ನಿಲ್ಲಿಸಲಿಲ್ಲ. ಅವನು ಸತ್ತ ಮೇಲೆ ಈ ಸಮಾಧಿಗೆ ಬಂದು ಕಲ್ಲು ಒರೆಸಿ, ಕಸ ತೆಗೆದು ನೋಡಿಕೊಂಡವರು ಅವರೇ.

ಅಪ್ಪ ಏನೂ ಮಾತಾಡಲಿಲ್ಲ. ಬಗ್ಗಿದರು. ಸೊಂಟ ನೋವಿರುವವರು, ಒಂದು ಕೈ ಮೊಣಕಾಲಿಗೆ ಕೊಟ್ಟು ಬಗ್ಗಿದರು. ಕಲ್ಲಿನ ಬುಡಕ್ಕೆ ಅಂಟಿದ್ದ ಒದ್ದೆ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಎಡಗೈಯಲ್ಲಿ ಹಿಡಿದುಕೊಂಡರು. ಕೊನೆಗೆ ಕರ್ಚೀಫು ತೆಗೆದು ಹೆಸರಿನ ಅಕ್ಷರಗಳ ಸಂದಿಯಲ್ಲಿದ್ದ ನೀರನ್ನು ಒತ್ತಿ ಒರೆಸಿದರು. ನಾನು ಬಗ್ಗಲು ಹೋದರೆ "ನೀನು ಸುಮ್ನಿರು" ಅಂದರು.

ಅಷ್ಟರಲ್ಲಿ ಒಂದು ಕುಟುಂಬ ಬಂತು. ಅವರು ಸ್ಪ್ಯಾನಿಷ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಎಂಟೊಂಬತ್ತು ವರ್ಷದ ಹುಡುಗ ಫೋಟೋಗೆ ಅಂತ ಮುಷ್ಟಿ ಹಿಡಿದು ನಿಂತ. ಅಪ್ಪ ನೋಡಿದರು. ಹೆಬ್ಬೆರಳು ಮುಷ್ಟಿಯ ಒಳಗಿತ್ತು. ಅಪ್ಪ ಅವನ ಅಮ್ಮನ ಕಡೆ ತಿರುಗಿ ಕೇಳುವಂತೆ ತಲೆಯಾಡಿಸಿದರು. ಆಕೆ ನಕ್ಕರು. ಅಪ್ಪ ಹುಡುಗನ ಕೈ ಹಿಡಿದು ನಾಲ್ಕೂ ಬೆರಳು ಬಿಡಿಸಿದರು, ಕಿರುಬೆರಳಿನಿಂದ ಶುರುಮಾಡಿ ಮತ್ತೆ ಮಡಚಿದರು, ಹೆಬ್ಬೆರಳನ್ನು ಹೊರಗೆ ತಂದು ಎರಡು ಬೆರಳಿನ ಮೇಲೆ ಅಡ್ಡ ಇಟ್ಟರು. "ಹೀಗೆ. ಒಳಗಿಟ್ರೆ ಮುರಿಯುತ್ತೆ" ಅಂತ ಕನ್ನಡದಲ್ಲೇ ಹೇಳಿದರು. ಹುಡುಗ ಇನ್ನೊಂದು ಕೈಯನ್ನು ತಾನೇ ಹಾಗೆ ಮಡಚಿ ತೋರಿಸಿದ. ಅಪ್ಪ ಹೌದೆಂದು ತಲೆಯಾಡಿಸಿ ಅವನ ಭುಜವನ್ನು ತುಸು ಕೆಳಗೆ ಒತ್ತಿದರು. ಕ್ವಾರ್ಟರ್ಸ್ ಮೈದಾನದಲ್ಲಿ ನನ್ನ ಭುಜವನ್ನೂ ಹಾಗೇ ಒತ್ತುತ್ತಿದ್ದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿದ್ದರು. ಅಪ್ಪ ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು, ಆಮೇಲೆ ನಿಂತಿತು.

"ಏನೋ, ಆ ಕಿಮುರಾ ಈಗ ಇದ್ದಾರಾ?" ಒಳಗಿನಿಂದ ಅಪ್ಪನ ದನಿ.

"ಇಲ್ಲ ಅಪ್ಪ. 2021ರಲ್ಲಿ ಹೋದರು. 96 ವರ್ಷ ಆಗಿತ್ತು."

"ಹಂಗಾದ್ರೆ ಈಗ ಅಲ್ಲಿ ಯಾರು ನೋಡ್ಕೋತಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅವರದೇ ದನಿ ಬಂತು. "ನಿಮ್ಮನೆಯಿಂದ ಅರ್ಧ ಗಂಟೆ ಅಷ್ಟೇ ಅಲ್ವಾ?"

"ಅಷ್ಟೇ ಅಪ್ಪ" ಅಂದೆ. ನಲ್ಲಿ ಮತ್ತೆ ಸದ್ದು ಮಾಡಿತು.